ಹಮರ್‌ಫ್ಲೋ ಬಂದಾಗ ಎಡಗಡೆ ನಿಲ್ಲಿ

ಮೇ 2, ಗುರುವಾರ

ಇವತ್ತಿನಿಂದ ಹಡಗು ಶುರುವಾಯಿತು. ಹೊಸ ಹಡಗು, ಬ್ಯಾಟರಿಯದು. ಹಳೆಯದರ ಗುಡುಗುಡು ಇಲ್ಲ, ಹೊಗೆಯಿಲ್ಲ, ನೀರು ಸೀಳುವ ಸದ್ದೊಂದೇ. ಪ್ರವಾಸಿಗಳು ಮೆಚ್ಚಿಕೊಂಡರು. ನನಗೆ ಮಾತ್ರ ಇಡೀ ದಿನ ಯಾರೋ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತ ಹಾಗೆ ಅನಿಸುತ್ತಿತ್ತು.

ಕಚೇರಿಯ ಸಿನ್ನೊವೆ ಬೆಳಗ್ಗೆ ಹಡಗುಕಟ್ಟೆಯಲ್ಲೇ ಹಿಡಿದುಕೊಂಡಳು.

"ಗುನ್ವೋರ್, ಹದಿನೆಂಟು ವರ್ಷದಿಂದ ಮೈಕಲ್ಲಿ ಹೇಳ್ತಾ ಬಂದಿದ್ದೀಯಲ್ಲ, ಎಲ್ಲಿ ನಿಂತ್ರೆ ಏನು ಚೆನ್ನಾಗಿ ಕಾಣ್ಸತ್ತೆ ಅಂತ. ಅದನ್ನ ಬರೆದುಕೊಡು. ಒಂದು ಕೈಪತ್ರ ಮಾಡ್ಸೋಣ. ಜುಲೈ ಕೊನೆಗೆ ಅಚ್ಚಾಗ್ಬೇಕು."

"ಬಾಯಲ್ಲಿ ಹೇಳಿದ್ರೆ ಸಾಲ್ದಾ?"

"ಹೊಸ ಹಡಗು ಕಣೇ. ಕಂಬಿ ಬೇರೆ, ಕಿಟಕಿ ಬೇರೆ. ಎಲ್ಲಾ ಮೊದಲಿಂದ ನಿಂತು ನೋಡಿ ಬರಿ. ಮತ್ತೆ… ನಿನಗೂ ಮನಸ್ಸಿಗೊಂದು ಕೆಲಸ ಇದ್ದ ಹಾಗಾಯ್ತು."

ಈ ಕೊನೆಯ ಮಾತಿಗೆ ಸಿಟ್ಟು ಬಂತು. ಮನಸ್ಸಿಗೆ ಕೆಲಸ ಕೊಡಿ ಎಂದು ನಾನು ಯಾರನ್ನೂ ಕೇಳಿಲ್ಲ. ಅಣ್ಣನನ್ನು ಕಳಕೊಂಡವರೆಲ್ಲ ಗೋಡೆ ನೋಡಿಕೊಂಡು ಕೂರುತ್ತಾರೆಯೇ? ಆದರೂ ಸಂಜೆ ಅಂಗಡಿಗೆ ಹೋಗಿ ಈ ನೋಟುಪುಸ್ತಕ ತಂದೆ. ಜಾಗಗಳನ್ನು ಗುರುತು ಹಾಕಿಕೊಳ್ಳಲು ತಂದದ್ದು, ಬೇರೆಯದಕ್ಕಲ್ಲ.

ಹಡಗಿನ ಮೂತಿ: ಎಲ್ಲರೂ ಮೊದಲು ಓಡುವುದು ಇಲ್ಲಿಗೇ. ಹತ್ತು ನಿಮಿಷದಲ್ಲಿ ಮೂಗು ಕೆಂಪಗಾಗಿ ಒಳಗೆ ಬರುತ್ತಾರೆ. ಹೊಸದಾಗಿ ಮದುವೆಯಾದವರಿಗೆ ಮಾತ್ರ ತಕ್ಕ ಜಾಗ, ಅವರು ಬೆಟ್ಟವನ್ನೇನೂ ನೋಡುವುದಿಲ್ಲ.

ಹಮರ್‌ಫ್ಲೋ ಬಂದಾಗ ನಾನು ಕೆಳಗೆ ಅಡುಗೆಕೋಣೆಯಲ್ಲಿದ್ದೆ. ಸ್ವೇಲೆ ಹುಯ್ಯುವ ಕಾವಲಿ ಹೊಸದು. ಆ ಸಿಹಿ ದಪ್ಪದೋಸೆ ಒಂದು ನಿಮಿಷ ಹೆಚ್ಚಾದರೆ ಕರಟುತ್ತದೆ, ಯಾರಾದರೂ ನೋಡಿಕೊಳ್ಳಬೇಕಲ್ಲ. ಹಮರ್‌ಫ್ಲೋ ನಮ್ಮ ಅಜ್ಜಿಯ ಮನೆ. ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಈ ಫ್ಯೋರ್ಡಿನ ಬಂಡೆಗೋಡೆಯಲ್ಲಿ, ನೀರಿನಿಂದ ಎಂಟುನೂರು ಅಡಿ ಮೇಲೆ, ಒಂದು ಚಾಚಿನ ಮೇಲೆ ಕೂತಿದೆ. ಹೋದ ಜುಲೈ ಹತ್ತೊಂಬತ್ತಕ್ಕೆ ನಮ್ಮಣ್ಣ ಐಲಿಫ್ ಅಲ್ಲೇ ಸತ್ತ. ಹುಲ್ಲು ಕೊಯ್ಯಲು ಒಬ್ಬನೇ ಹೋಗಿದ್ದ.


ಮೇ 9, ಗುರುವಾರ

ಮೇಲಿನ ಡೆಕ್ಕು, ಚುಕ್ಕಾಣಿ ಕೋಣೆಯ ಬೆನ್ನಿಗೆ: ಗಾಳಿ ಬೀಸುವುದಿಲ್ಲ, ಗೋಡೆ ಬೆಚ್ಚಗಿರುತ್ತದೆ. ಮುದುಕರನ್ನು ಇಲ್ಲಿ ಕೂರಿಸಬೇಕು.

ದೊಡ್ಡ ಅಬ್ಬಿ: ಬೆಳಗಿನ ಸುತ್ತಿನಲ್ಲಿ ಎಡಗಡೆ, ಕೆಳ ಡೆಕ್ಕು, ನಾಲ್ಕನೆಯ ಕಿಟಕಿ. ಹನ್ನೊಂದಕ್ಕೆ ಮುಂಚೆ ಬಿಸಿಲು ಅತ್ತ ಬೀಳುವುದಿಲ್ಲ, ಹಾಗಾಗಿ ಬೆಳಗ್ಗೆ ಅಬ್ಬಿ ಬೂದಿಬಣ್ಣ. ಮಧ್ಯಾಹ್ನದ ಸುತ್ತಿಗೆ ಬಂದವರ ಪುಣ್ಯ, ಕಾಮನಬಿಲ್ಲು ಸಿಗುತ್ತದೆ. ಜುಲೈ ಮುಗಿದರೆ ನೀರೇ ಇರುವುದಿಲ್ಲ. ಇದನ್ನು ಸಿನ್ನೊವೆ ಅಚ್ಚು ಹಾಕಿಸುವುದಿಲ್ಲ.

ಹಮರ್‌ಫ್ಲೋ: ಲೈಫ್‌ಜಾಕೆಟ್ ಎಣಿಸುತ್ತಿದ್ದೆ.


ಮೇ 17, ಶುಕ್ರವಾರ

ರಾಷ್ಟ್ರದ ಹಬ್ಬ. ಮಕ್ಕಳ ಮೆರವಣಿಗೆ, ಬಾವುಟ, ಐಸ್‌ಕ್ರೀಮು, ಬ್ಯಾಂಡಿನವರ ಅಪಸ್ವರ, ಎಲ್ಲ ಎಂದಿನಂತೆ. ಅತ್ತಿಗೆ ಬೋರ್ಗ್ನಿ ಊರಿನ ಸಾಂಪ್ರದಾಯಿಕ ಉಡುಪನ್ನೇ ಉಟ್ಟು ಬಂದಿದ್ದಳು, ಕಪ್ಪು ಶಾಲು ಹೊದ್ದು. ಸೊರಗಿದ್ದಾಳೆ. ಚರ್ಚಿನ ಅಂಗಳದಲ್ಲಿ ಯಾರೋ ದೂರದೂರಿನ ಹೆಂಗಸು ಕೈಹಿಡಿದು ಮರುಗಿದಾಗ ಅವಳು ಹೇಳಿದಳು, "ಅವತ್ತು ನಾಲ್ಕು ಗಂಟೆಗೆ ಚೆನ್ನಾಗೇ ಇದ್ದ. ಹಡಗಿನೋರಿಗೆ ಕೈ ಬೀಸ್ತಿದ್ನಂತೆ. ನಮ್ಮ ಗುನ್ವೋರೇ ನೋಡಿದ್ದು. ಆಮೇಲೆ ಆಗಿದ್ದು ಅದು, ತಟ್ಟನೆ ಆಗಿಹೋಗಿದೆ. ನರಳಲಿಲ್ಲ ಅವನು."

ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇನೇ?"

"ಹೌದು," ಎಂದೆ.

ಈ ಹೌದನ್ನು ಎಷ್ಟು ಸಲ ಹೇಳಿದ್ದೇನೋ. ಪೊಲೀಸರಿಗೆ, ಪಾದ್ರಿಗೆ, ಊರಿಗೆ. ಸುಳ್ಳಲ್ಲ, ಅವನು ಬೀಸಿದ್ದು ನಿಜ. ಏನನ್ನು ಬೀಸಿದ ಎಂದು ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಇಲ್ಲಾದರೂ ಬರೆಯುತ್ತೇನೆ. ಅವನು ಬೀಸಿದ್ದು ಬಿಳಿ ದುಪ್ಪಟಿ.

ಅಜ್ಜಿಯ ಕಾಲದಲ್ಲಿ ಹಮರ್‌ಫ್ಲೋದಲ್ಲಿ ಫೋನಿರಲಿಲ್ಲ. ಹಾಸಿಗೆಯ ಬಿಳಿ ದುಪ್ಪಟಿ ಹೊರಗೆ ಕಂಡರೆ ದೋಣಿ ನಿಲ್ಲಬೇಕು, ಜನ ಮೇಲೆ ಹತ್ತಬೇಕು. ಹೆರಿಗೆಯೋ, ಜ್ವರವೋ, ಸಾವೋ, ಯಾವುದಕ್ಕೂ ಅದೇ ಕರೆ. ಅದಕ್ಕೇ ಅಜ್ಜಿ ಒಗೆದ ದುಪ್ಪಟಿಗಳನ್ನು ಮನೆಯ ಹಿಂದೆ, ಬೆಟ್ಟದ ಕಡೆಗೇ ಒಣಗಿಹಾಕುತ್ತಿದ್ದಳು. ಒಂದು ಸಲ ಐಲಿಫ್ ಆಟಕ್ಕೆ ಬೀಸಿ, ಅಂಚೆದೋಣಿ ಬಂದು ನಿಂತು, ಅವನಿಗೆ ಸರಿಯಾಗಿ ಬಿದ್ದಿತ್ತು. ನಾನು ಪಕ್ಕದಲ್ಲಿ ನಿಂತು ನೋಡಿದ್ದೆ.

ಹೋದ ವರ್ಷ ಆ ವಾರವೆಲ್ಲ ಅವನು ಹಡಗು ಕಂಡಾಗ ಟೋಪಿ ಬೀಸುತ್ತಿದ್ದ. ಅವತ್ತು ಬೆಳ್ಳಗಿದ್ದದ್ದು ಕಂಡಿತು. ಇವತ್ತು ದೊಡ್ಡದಾಗೇ ಶುರುಮಾಡಿದ್ದಾನೆ, ಪ್ರವಾಸಿಗಳನ್ನು ಖುಷಿಪಡಿಸಲು ಎಂದುಕೊಂಡೆ, ನಕ್ಕೆ ಕೂಡ. ಮೈಕಿನಲ್ಲಿ ಮೂರು ಭಾಷೆಯಲ್ಲಿ ಹೇಳಿದೆ: ಬಲಗಡೆ ಮೇಲೆ ನೋಡಿ, ನಮ್ಮ ರೈತರು ಸ್ವಾಗತ ಕೋರುತ್ತಿದ್ದಾರೆ, ಎಲ್ಲರೂ ಕೈ ಬೀಸಿ! ನೂರನಲವತ್ತು ಜನ ಕೈ ಬೀಸಿದರು. ಕಪ್ತಾನ ಮೂರು ಸಲ ಹಾರ್ನ್ ಹೊಡೆದ. ಮುಂದೆ ಹೋದೆವು. ವಾಪಸು ಬರುವಾಗ ಮಳೆಹನಿ, ಎಲ್ಲರೂ ಒಳಗಿದ್ದರು, ನಾನು ಕಾಫಿ ಸುರಿಯುತ್ತಿದ್ದೆ. ಯಾರೂ ಅತ್ತ ನೋಡಲಿಲ್ಲ.

ಮಾರನೆಯ ದಿನ ಹುಲ್ಲು ಹೊರಲು ಹೋದವರು ಕಂಡದ್ದು. ಇಳಿಜಾರಿನಲ್ಲಿ ಜಾರಿ ಸೊಂಟ ಮುರಿದಿತ್ತು, ಒಳಗೇ ರಕ್ತ ಸೋರಿತ್ತು. ಅಂಗಳದವರೆಗೆ ತೆವಳಿಕೊಂಡು ಬಂದಿದ್ದ. ಮೈಮೇಲಿದ್ದ ದುಪ್ಪಟಿಯನ್ನು ಚಳಿಗೆ ಹೊದ್ದದ್ದು ಎಂದುಕೊಂಡರು, ತೆವಳಿದ್ದನ್ನು ಬೋರ್ಗ್ನಿಗೆ ಹೇಳಲಿಲ್ಲ. ಫೋನು ಹಿಡಿಯುವುದು ಹುಲ್ಲುಗಾವಲಿನ ಮೇಲ್ತುದಿಯಲ್ಲಿ ಮಾತ್ರ, ಅಲ್ಲಿಗೆ ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ಅವನಿಗೆ ಗೊತ್ತಿದ್ದ ಇನ್ನೊಂದು ದಾರಿ ಅಜ್ಜಿಯದು. ಆ ಹಡಗಿನಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.


ಮೇ 18, ಶನಿವಾರ

ನಿನ್ನೆ ಬರೆದದ್ದನ್ನು ಓದಲಿಲ್ಲ. ಎರಡು ಸುತ್ತು, ಮಂಜು, ಏನೂ ಕಾಣಲಿಲ್ಲ. ಮಂಜಿನ ದಿನಕ್ಕೆ ಎಲ್ಲಾದರೂ ನಿಲ್ಲಬಹುದು.


ಜೂನ್ 3, ಸೋಮವಾರ

ಕೈಪತ್ರದ ಕರಡನ್ನು ಕಪ್ತಾನ ಸಿವೆರ್ಟ್‌ಗೆ ತೋರಿಸಿದೆ. ಉತ್ತರದ ದ್ವೀಪದವನು, ಇಲ್ಲಿಗೆ ಬಂದು ಆರು ವರ್ಷ. ಮಾತು ಕಡಮೆ, ಆಡಿದರೆ ಚುಚ್ಚುತ್ತದೆ.

"ಹಮರ್‌ಫ್ಲೋ ಹತ್ರ ಎಡಗಡೆ ನಿಲ್ಲಿ ಅಂತ ಬರ್ದಿದ್ದೀಯಲ್ಲ. ಎಡಗಡೆ ಏನಿದೆ?"

"ಬಂಡೆ."

"ಬಂಡೆ ಗೊತ್ತು. ಬಂಡೆ ಮೇಲೆ?"

"ಪಾಚಿ."

"ಪಾಚಿ ನೋಡೋಕೆ ಜಪಾನಿಂದ ಬರ್ತಾರಾ? ಇಡೀ ಫ್ಯೋರ್ಡಲ್ಲಿ ಫೋಟೊ ತೆಗೆಯೋಂಥ ಮನೆ ಇರೋದು ಬಲಗಡೆ, ನೀನು ಎಲ್ಲರ ಕತ್ತನ್ನೂ ಎಡಕ್ಕೆ ತಿರುಗಿಸ್ತೀಯ. ಬರುವಾಗ ನೋಡೋಣ ಅಂದ್ರೆ ಸರಿಯಾಗಿ ಅದೇ ಹೊತ್ತಿಗೆ ಸ್ವೇಲೆ ಗಂಟೆ ಹೊಡೀತೀಯ. ಸ್ವೇಲೆ ಬಿಟ್ಟು ಯಾವನು ಹೊರಗೆ ಬರ್ತಾನೆ?"

"ಎಡಗಡೆ ನೀರುನಾಯಿ ಇರ್ತವೆ."

"ನಾನು ಒಂದೂ ನೋಡಿಲ್ಲ."

"ನೀನು ಮುಂದೆ ನೋಡ್ಕೊಂಡು ಹಡಗು ನಡೆಸಪ್ಪ, ಸಾಕು."

ಅವನು ನಗಲಿಲ್ಲ. "ನೋಡು ಗುನ್ವೋರ್, ನಿನಗೆ ಕಷ್ಟ ಆಗತ್ತೆ ಅಂತ ನಾನೂ ಅಲ್ಲಿ ಹಾರ್ನ್ ಹೊಡೀತಿಲ್ಲ. ಅದು ಸರಿ. ಆದ್ರೆ ಕಾಗದದ ಮೇಲೆ ಸುಳ್ಳು ಯಾಕೆ?" ಎಂದ.

ಕರಡು ತೆಗೆದುಕೊಂಡು ಇಳಿದು ಬಂದೆ. ಮಧ್ಯಾಹ್ನದ ಸುತ್ತಿನಲ್ಲಿ ಹಮರ್‌ಫ್ಲೋದ ತಿರುವು ಬಂದಾಗ ಹಡಗಿನ ಹಿಂಭಾಗದಲ್ಲಿ ನಿಂತಿದ್ದೆ. ಹಿಂದೆ ಬಿಟ್ಟ ನೀರಿನ ಗೆರೆ ನೋಡಲು ಅದು ಒಳ್ಳೆಯ ಜಾಗ, ಬರೆದುಕೊಂಡಿದ್ದೇನೆ.


ಜೂನ್ 14, ಶುಕ್ರವಾರ

ಈ ಹಡಗು ಎಷ್ಟು ಮೆತ್ತಗೆ ಹೋಗುತ್ತದೆಂದರೆ ಮೇಲೆ ಮೇಕೆ ಕಾಲಿಟ್ಟು ಕಲ್ಲುರುಳಿದರೂ ಕೇಳಿಸುತ್ತದೆ. ಹೋದ ವರ್ಷವೇ ಇದು ಬಂದಿದ್ದರೆ…


ಜೂನ್ 24, ಸೋಮವಾರ

ಮಧ್ಯಬೇಸಿಗೆಯ ಬೆಂಕಿ ನಿನ್ನೆ. ಹೋಗಲಿಲ್ಲ, ತಲೆನೋವು ಎಂದೆ.

ಹೊಸ ಹಡಗು ಕಟ್ಟಿದವರಿಗೆ ಬುದ್ಧಿಯಿಲ್ಲ. ಎಡಗಡೆಯ ದೊಡ್ಡ ಗಾಜುಗಳಲ್ಲಿ ಬಲಗಡೆಯ ಬೆಟ್ಟ ಪೂರ್ತಿ ಕಾಣುತ್ತದೆ. ಇವತ್ತು ಎಡಗಡೆ ನಿಂತು ಪಾಚಿ ನೋಡುತ್ತಿದ್ದವಳಿಗೆ ಗಾಜಿನೊಳಗೆ ಹಮರ್‌ಫ್ಲೋ ಬಂತು, ತಲೆಕೆಳಗಲ್ಲ, ಎಡಬಲ ಮಾತ್ರ ಅದಲುಬದಲು. ಹುಲ್ಲಿನ ಸೂರು, ಎರಡು ಕಿಟಕಿ, ಅಂಗಳ. ಯಾರೂ ಇಲ್ಲ. ಈಗ ಯಾಕಿರುತ್ತಾರೆ? ಕೊನೆಯವರೆಗೂ ನೋಡಿದೆ.


ಜುಲೈ 2, ಮಂಗಳವಾರ

ಬ್ರೆಮೆನ್ನಿನ ಮುದುಕ ದಂಪತಿ ಈ ವರ್ಷವೂ ಬಂದಿದ್ದಾರೆ. ಪ್ರತಿ ಬೇಸಿಗೆಗೂ ಬರುವವರು, ಕಟ್ಟಿಕೊಂಡ ಬುತ್ತಿಯನ್ನು ಬೇರೆಯವರಿಗೆ ಕಾಣದಂತೆ ತಿನ್ನುವವರು. ಅಜ್ಜ ಚೀಲದಿಂದ ಲಕೋಟೆ ತೆಗೆದು, ಇದು ನಿಮಗೆ, ಹೋದ ವರ್ಷ ನೀವೇ ತೋರಿಸಿದಿರಲ್ಲ ಎಂದ. ದೊಡ್ಡದು ಮಾಡಿಸಿದ ಫೋಟೊ.

ಅಂಗಳದಲ್ಲಿ ಐಲಿಫ್. ದುಪ್ಪಟಿಯ ತುದಿಯನ್ನು ಹುಲ್ಲುಬಾಚುವ ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದಾನೆ. ಮುಖ ಸ್ಪಷ್ಟವಿಲ್ಲ.

ಕೂತಿದ್ದಾನೆ. ಒಂದು ವರ್ಷದಿಂದ ನನ್ನ ಕಣ್ಣೊಳಗೆ ಅವನು ನಿಂತೇ ಬೀಸುತ್ತಿದ್ದ. ಕೂತಿದ್ದಾನೆ, ಒಂದು ಕಾಲು ಸೊಟ್ಟಗೆ ಹೊರಚಾಚಿದೆ.

"ಎಂಥ ಸ್ನೇಹದ ಮನುಷ್ಯ!" ಎಂದಳು ಬ್ರೆಮೆನ್ನಿನ ಮುದುಕಿ. "ನಾವು ಎಷ್ಟು ಹೊತ್ತು ಬೀಸಿದ್ವಿ ಗೊತ್ತಾ? ಅವನು ನಿಲ್ಸಲೇ ಇಲ್ಲ. ನಾವು ತಿರುವು ದಾಟೋವರೆಗೂ ಬೀಸ್ತಾನೇ ಇದ್ದ."

ಅವರಿಗೆ ಧನ್ಯವಾದ ಹೇಳಿದೆ. ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡೆ. ಅತ್ತೆ. ಎಷ್ಟು ಅತ್ತೆನೆಂದರೆ ಯಾರೋ ಬಾಗಿಲು ಬಡಿದು, ಹಡಗಿನ ಓಲಾಟಕ್ಕೆ ಹೊಟ್ಟೆ ತೊಳೆಸುತ್ತಿದೆಯೇ ಎಂದು ಕೇಳಿದರು.


ಜುಲೈ 4, ಗುರುವಾರ

ಬ್ರೆಮೆನ್ನಿನ ಅಜ್ಜ ಇನ್ನೊಂದು ಪ್ರತಿಯನ್ನು ಕಚೇರಿಗೂ ಕೊಟ್ಟಿದ್ದಾನೆ. ಸಿನ್ನೊವೆಗೆ ಸಂಭ್ರಮ.

"ಕೈಪತ್ರದ ಮುಖಪುಟಕ್ಕೆ ಇದೇ ಹಾಕೋಣ ಗುನ್ವೋರ್. ಐಲಿಫ್ ನೆನಪಿಗೂ ಆಗತ್ತೆ. ಬೋರ್ಗ್ನಿ ಯಾವಾಗ್ಲೂ ಹೇಳ್ತಾಳಲ್ಲ, ನಾಲ್ಕು ಗಂಟೆಗೆ ಕೈ ಬೀಸ್ತಿದ್ದ ಅಂತ. ಇದು ಅದೇ! ಅವಳಿಗೆ ಏನೂ ಹೇಳ್ಬೇಡ. ಅಚ್ಚಾದ್ಮೇಲೆ ಮೊದಲನೇದನ್ನ ಅವಳ ಕೈಗೇ ಕೊಡೋಣ."

"ಬೇಡ."

"ಯಾಕೆ?"

"ಚೆನ್ನಾಗಿಲ್ಲ. ಮಸುಕಾಗಿದೆ."

"ಮಸುಕೇ ಈಗ ಫ್ಯಾಶನ್ನು. ಇಪ್ಪತ್ತೆರಡಕ್ಕೆ ಅಚ್ಚಿಗೆ ಕಳಿಸ್ತೀನಿ."

ಬೋರ್ಗ್ನಿ ಆ ಚಿತ್ರವನ್ನು ಎರಡು ಗಳಿಗೆ ನೋಡಿದರೆ ಸಾಕು. ಮೂವತ್ತೊಂಬತ್ತು ವರ್ಷ ಅವನ ಜೊತೆ ಬಾಳಿದವಳು, ಅವನು ಕೂತು ಕೈ ಬೀಸುವ ಜಾತಿಯವನಲ್ಲ ಎಂದು ಅವಳಿಗೆ ಗೊತ್ತು. ಇಪ್ಪತ್ತೆರಡರೊಳಗೆ ನಾನೇ ಹೇಳಬೇಕು. ಹೇಳಿದರೆ ಅವಳು ಹಿಡಿದುಕೊಂಡು ಬದುಕಿರುವ ಒಂದೇ ಒಂದು ಸಮಾಧಾನವನ್ನು ನಾನೇ ಕಿತ್ತುಕೊಂಡ ಹಾಗೆ.


ಜುಲೈ 6, ಶನಿವಾರ

ಹೇಳಲೆಂದೇ ಹೋದೆ. ಬೋರ್ಗ್ನಿ ಸ್ಟ್ರಾಬೆರಿ ಬಿಡಿಸುತ್ತಿದ್ದಳು. ಕೆನೆ ಹಾಕಿ ಕೊಟ್ಟಳು. ಅವಳ ಮೊಣಕಾಲು ನೋವು, ಪಕ್ಕದ ಮನೆಯ ಹೊಸ ಬೇಲಿ, ಪಾದ್ರಿಯ ತೊದಲು ಎಲ್ಲ ಮಾತಾಯಿತು. ಎರಡು ಸಲ ಬಾಯಿ ತೆರೆದೆ. ಎರಡು ಸಲವೂ "ಇನ್ನೊಂದಿಷ್ಟು ಹಾಕ್ಲಾ?" ಎಂದಳು.

ಹೊರಡುವಾಗ ಐಲಿಫ್‌ನ ಬೂದು ಸ್ವೆಟರು ತಂದಿಟ್ಟಳು. "ಹಡಗಲ್ಲಿ ಚಳಿ ಇರತ್ತೆ. ನಿನಗಾಗತ್ತೆ, ಅವನ ಹಾಗೇ ಅಗಲ ಭುಜ ನಿನ್ನದು. ತಗೊಳ್ಳೇ, ನೀನಲ್ದೆ ಇನ್ಯಾರು."

ತಂದು ಬೀರುವಿನಲ್ಲಿಟ್ಟಿದ್ದೇನೆ. ಹಾಕಿಕೊಳ್ಳುವ ಯೋಗ್ಯತೆ ನನಗಿಲ್ಲ.


ಜುಲೈ 11, ಗುರುವಾರ

ಸಿವೆರ್ಟ್‌ಗೆ ಹೇಳಿಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಊಟದ ಹೊತ್ತು, ಹಡಗು ಕಟ್ಟೆಯಲ್ಲಿತ್ತು, ಅವನು ಬ್ರೆಡ್ಡಿನ ಮೇಲೆ ಡಬ್ಬಿಯ ಬಂಗಡೆ ಮೀನು ಹಚ್ಚಿಕೊಳ್ಳುತ್ತಿದ್ದ. ಫೋಟೊ ಮುಂದಿಟ್ಟೆ, ದುಪ್ಪಟಿಯ ಅರ್ಥ ಹೇಳಿದೆ.

ಅವನು ಬ್ರೆಡ್ಡು ಕೆಳಗಿಟ್ಟ. ಸಮಾಧಾನ ಮಾಡುತ್ತಾನೆ ಎಂದುಕೊಂಡಿದ್ದೆ.

"ಒಂದು ವರ್ಷ," ಎಂದ. "ಒಂದು ವರ್ಷ ನನ್ನ ಪಕ್ಕದಲ್ಲಿ ನಿಂತ್ಕೊಂಡು ಹೇಳಲಿಲ್ಲ ನೀನು. ಹಾರ್ನ್ ಹೊಡೆದವನು ನಾನು, ಗುನ್ವೋರ್. ಮೂರು ಸಲ."

"ನಿನಗೇನು ಗೊತ್ತಿತ್ತು? ನೀನು ಈ ಕಡೆಯವನಲ್ಲ."

"ನಮ್ಮ ದ್ವೀಪದಲ್ಲಿ ಸಹಾಯ ಬೇಕಾದ್ರೆ ದೋಣಿ ಹುಟ್ಟನ್ನ ನೆಟ್ಟಗೆ ಎತ್ತಿ ಹಿಡೀತಾರೆ. ನೀನು ಅದನ್ನ ನೋಡಿದ್ರೆ ಏನು ಅಂದ್ಕೊಳ್ತಿದ್ದೆ? ಮೈಕಲ್ಲಿ ಕೈ ಬೀಸಿ ಅಂತಿದ್ದೆ." ಫೋಟೊವನ್ನು ನನ್ನ ಕಡೆ ತಳ್ಳಿದ. "ಬೋರ್ಗ್ನಿಗೆ ಹೇಳು. ನಿನಗೋಸ್ಕರ ಅಲ್ಲ. ಅವಳ ಗಂಡ ಕರೆದ. ಕರೆದಿದ್ದು ಅವಳಿಗೆ ಗೊತ್ತಾಗ್ಬೇಕು."

ಮಧ್ಯಾಹ್ನದ ಸುತ್ತಿನಲ್ಲಿ, ಆ ತಿರುವಿಗೆ ಬಂದಾಗ, ಹಡಗನ್ನು ಬಹಳ ನಿಧಾನ ಮಾಡಿದ. ನಾನು ಬಲಗಡೆಯಲ್ಲೇ ಇದ್ದೆ, ಅಲ್ಲೊಂದು ಮಗುವಿನ ಟೋಪಿ ಗಾಳಿಗೆ ಹಾರುವುದರಲ್ಲಿತ್ತು, ಹಿಡಿಯಲು ಹೋಗಿದ್ದೆ.

ಮೇಲಿನ ಡೆಕ್ಕು, ಬಲಗಡೆ, ಹಿಂದಿನಿಂದ ಮೂರನೆಯ ಕಂಬ: ಬಂಡೆಯ ಹುಬ್ಬು ಅಡ್ಡ ಬಾರದೆ ಅಂಗಳ ಪೂರ್ತಿ ಕಾಣುವುದು ಇಲ್ಲಿಂದ ಮಾತ್ರ. ನಲವತ್ತು ಸೆಕೆಂಡು.


ಜುಲೈ 15, ಸೋಮವಾರ

ಬೋರ್ಗ್ನಿ ಫೋನು ಮಾಡಿದಳು. "ಶುಕ್ರವಾರ ವರ್ಷ ತುಂಬತ್ತೆ. ನಾಲ್ಕು ಗಂಟೆಗೆ ಅಲ್ಲಿಗೆ ಹೋಗತ್ತಲ್ಲ, ಆ ಸುತ್ತಿಗೆ ಬರ್ತೀನಿ. ಮೇಲೆ ಹತ್ತೋಕೆ ಈ ಮೊಣಕಾಲಲ್ಲಿ ಆಗಲ್ಲ. ಕೆಳಗಿಂದಾದ್ರೂ ನೋಡ್ತೀನಿ. ನೀನು ಒಳ್ಳೇ ಜಾಗ ನೋಡಿ ನಿಲ್ಲಿಸ್ಬೇಕು ನನ್ನ. ಅದೇ ನಿನ್ನ ಕಸುಬಲ್ವಾ?"

ಬಾ ಎಂದೆ.


ಜುಲೈ 19, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಳ್ಳೆಯ ಬಿಸಿಲು. ಹಡಗು ತುಂಬಿತ್ತು. ಬೋರ್ಗ್ನಿಯನ್ನು ಮೂರನೆಯ ಕಂಬದ ಹತ್ತಿರ ನಿಲ್ಲಿಸಿ ನಾನೂ ಪಕ್ಕದಲ್ಲಿ ನಿಂತೆ. ಮೈಕಿನಲ್ಲಿ ಏನೂ ಹೇಳಲಿಲ್ಲ. ತಿರುವು ದಾಟಿದ ಕೂಡಲೇ ಸಿವೆರ್ಟ್ ಹಡಗನ್ನು ನಿಲ್ಲಿಸಿಯೇಬಿಟ್ಟ. ನನ್ನ ನಲವತ್ತು ಸೆಕೆಂಡು ಮುಗಿಯಲೇ ಇಲ್ಲ.

ಹಮರ್‌ಫ್ಲೋದಲ್ಲಿ ಜನ ಇದ್ದರು. ಹಳೇ ಮನೆಗಳನ್ನು ಕಾಪಾಡುವ ಸಂಘದವರು, ಈ ವರ್ಷದ ಹುಲ್ಲು ಕೊಯ್ಯಲು ಬಂದ ಗಂಡಹೆಂಡತಿ. ನಮ್ಮನ್ನು ಕಂಡು ಗಂಡಸು ಟೋಪಿ ಬೀಸಿದ.

"ಹೀಗೇ ಬೀಸ್ತಿದ್ನಾ?" ಎಂದಳು ಬೋರ್ಗ್ನಿ. ಮುಖದಲ್ಲಿ ನಗು ಬರುವುದರಲ್ಲಿತ್ತು.

"ಇಲ್ಲ ಬೋರ್ಗ್ನಿ. ಅವತ್ತು ಟೋಪಿ ಅಲ್ಲ. ದುಪ್ಪಟಿ. ಹಾಸಿಗೆಯ ಬಿಳಿ ದುಪ್ಪಟಿ."

ಅವಳು ಹೊರಗಿನಿಂದ ಬಂದ ಸೊಸೆ. ಆದರೂ ನಮ್ಮಮ್ಮನ ಜೊತೆ ಹನ್ನೆರಡು ವರ್ಷ ಬಟ್ಟೆ ಒಗೆದು, ದುಪ್ಪಟಿಗಳನ್ನು ಮನೆಯ ಹಿಂದೆಯೇ ಒಣಗಿಹಾಕಿದವಳು. ವಿವರಿಸಬೇಕಾಗಲಿಲ್ಲ.

"ನೀನು ಏನು ಮಾಡ್ದೆ?"

"ಕೈ ಬೀಸ್ದೆ. ಎಲ್ಲರಿಗೂ ಬೀಸಿ ಅಂದೆ. ತಮಾಷೆಗೆ ಮಾಡ್ತಿದ್ದಾನೆ ಅಂದ್ಕೊಂಡೆ. ಮಾರನೇ ದಿನ ಸುದ್ದಿ ಬಂದ ಕ್ಷಣಕ್ಕೇ ನನಗೆ ಗೊತ್ತಾಯ್ತು. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ಅಂದ್ರೆ ನಾಲ್ಕು ಗಂಟೆಗೆ ಅವನಿಗೆ ಆಗಲೇ…"

"ಹೌದು."

ಅವಳು ನನ್ನ ಕಡೆ ತಿರುಗಲಿಲ್ಲ. ಮೇಲೆ ಆ ಮನುಷ್ಯ ಟೋಪಿ ಬೀಸುತ್ತಲೇ ಇದ್ದ, ಈಗ ಹೆಂಡತಿಯೂ ಬೀಸತೊಡಗಿದ್ದಳು. ಹಡಗಿನವರೆಲ್ಲ ಕೂಗುತ್ತ ಕೈ ಬೀಸುತ್ತಿದ್ದರು.

"ಅವರು ಯಾಕೆ ಬೀಸ್ತಿದ್ದಾರೆ?" ಎಂದಳು.

"ಸುಮ್ನೆ. ನಮ್ಮನ್ನ ನೋಡಿ."

"ನಿನಗೆ ಹೇಗೆ ಗೊತ್ತು?"

"ಟೋಪಿ ಅಲ್ವಾ ಬೋರ್ಗ್ನಿ…"

"ನಿನಗೆ ಹೇಗೆ ಗೊತ್ತು ಅಂದೆ. ಹೋಗಿ ಕೇಳು."

"ಈಗ?"

"ಈಗ. ಹತ್ತಿ ಹೋಗಿ ಕೇಳ್ಕೊಂಡು ಬಾ. ಏನಾದ್ರೂ ಬೇಕಾ ಅಂತ ಕೇಳು."

ಸುತ್ತಲಿದ್ದವರಿಗೆ ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು, ಕೈಗಳು ಒಂದೊಂದಾಗಿ ಇಳಿದವು. ನಾನು ಚುಕ್ಕಾಣಿ ಕೋಣೆಗೆ ಹೋದೆ. ಸಿವೆರ್ಟ್ ಏನೂ ಕೇಳದೆ ಹಡಗಿನ ಮೂತಿಯನ್ನು ಬಂಡೆಯಡಿಯ ಇಳಿದಾಣದ ಕಲ್ಲಿಗೆ ತಂದು ಆನಿಸಿದ. "ಬರುವಾಗ ಕರ್ಕೊಂಡು ಹೋಗ್ತೀನಿ. ಎಷ್ಟು ಹೊತ್ತಾದ್ರೂ ಕಾಯ್ತೀನಿ," ಎಂದ. ನನಗೆ ಅರವತ್ತೆರಡು. ಕಬ್ಬಿಣದ ಏಣಿ, ಆಮೇಲೆ ಹಗ್ಗ, ಆಮೇಲೆ ಅಜ್ಜಿ ಕಡಿಸಿದ ಮೆಟ್ಟಿಲು. ಐವತ್ತು ನಿಮಿಷ ಹಿಡಿಯಿತು. ನಾಲ್ಕು ಸಲ ಕೂತೆ. ಐಲಿಫ್ ಸತ್ತ ಮೇಲೆ ಇದೇ ಮೊದಲು ಹತ್ತಿದ್ದು.

ಆ ಹೆಂಗಸು ಗಾಬರಿಯಾಗಿ ಓಡಿಬಂದಳು. "ಅಯ್ಯೋ, ಏನಾಯ್ತು? ಯಾರಿಗಾದ್ರೂ ಏನಾದ್ರೂ ಆಯ್ತಾ?"

"ನಿಮಗೇನಾದ್ರೂ ಬೇಕಾ ಅಂತ ಕೇಳೋಕೆ ಬಂದೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಇಲ್ಲಪ್ಪ. ನಾವು ಸುಮ್ನೆ ಕೈ ಬೀಸಿದ್ವಿ," ಎಂದ ಅವನು.

ನೀರು ಕೊಟ್ಟರು. ಕುಡಿದು ಅಂಗಳದಲ್ಲಿ ಐಲಿಫ್ ಕೂತಿದ್ದ ಕಡೆ ಕೂತೆ. ಹಡಗು ವಾಪಸು ಬರುವುದು ಕಾಣಿಸಿತು. ಹದಿನೆಂಟು ವರ್ಷದಲ್ಲಿ ಈ ಜಾಗದಿಂದ ನಮ್ಮ ಹಡಗನ್ನು ನಾನು ನೋಡಿರಲಿಲ್ಲ. ಅಂಗೈಯಗಲ ಇರುತ್ತದೆ. ಜನ ಕಾಣುತ್ತಾರೆ, ಮುಖ ಕಾಣುವುದಿಲ್ಲ. ಆದರೆ ಕೈಗಳು ಕಾಣುತ್ತವೆ, ಒಂದೊಂದು ಕೈಯೂ ಕಾಣುತ್ತದೆ. ನೂರನಲವತ್ತು ಜನ ತನ್ನನ್ನು ನೋಡಿದ್ದು ಅವನಿಗೆ ಗೊತ್ತಾಗಿತ್ತು. ಅವರಲ್ಲಿ ನಾನೂ ಇದ್ದೇನೆಂದೂ ಗೊತ್ತಿತ್ತು. ನಾನು ಖಂಡಿತ ನಿಲ್ಲಿಸುತ್ತೇನೆಂದು ನಂಬಿಯೇ ಕೋಲು ಎತ್ತಿ ಹಿಡಿದಿರುತ್ತಾನೆ. ದೇವರೇ, ತಿರುವು ದಾಟುವವರೆಗೂ ನಂಬಿಕೊಂಡೇ ಇದ್ದ.

ಹಡಗು ಹತ್ತಿರ ಬಂದಿತು. ಈ ಸಲ ಯಾರೂ ಕೈ ಬೀಸಲಿಲ್ಲ. ಇಳಿದು ಹೋಗುವಷ್ಟರಲ್ಲಿ ಅರ್ಧ ಗಂಟೆ ಕಾಯಿಸಿದ್ದೆ, ಒಬ್ಬರೂ ಗೊಣಗಲಿಲ್ಲ. ಬೋರ್ಗ್ನಿ ಮೂರನೆಯ ಕಂಬದ ಹತ್ತಿರವೇ ಇದ್ದಳು.

"ಏನಂತೆ?"

"ಏನೂ ಬೇಡ್ವಂತೆ. ಸುಮ್ನೆ ಬೀಸಿದ್ರಂತೆ."

"ಸರಿ," ಎಂದಳು. ಆಮೇಲೆ ಒಳಗೆ ಹೋಗಿ ಒಬ್ಬಳೇ ಕೂತಳು. ಕಟ್ಟೆಗೆ ಬಂದಾಗ ನನ್ನ ಕೈ ಹಿಡಿಯದೆ ಇಳಿದು ಹೋದಳು.


ಜುಲೈ 22, ಸೋಮವಾರ

ಸಿನ್ನೊವೆಗೆ ಎಲ್ಲ ಹೇಳಿದೆ. ಫೋಟೊವನ್ನು ಅವಳೇ ಲಕೋಟೆಗೆ ಹಾಕಿ ಕೊಟ್ಟಳು. ಮುಖಪುಟಕ್ಕೆ ಅಬ್ಬಿ. ಒಳಗೆ, ಹಮರ್‌ಫ್ಲೋ ಬಂದಾಗ ಎಡಗಡೆ ನಿಲ್ಲಿ ಎಂದಿದ್ದದ್ದನ್ನು ಹೊಡೆದುಹಾಕಿ, ಬಲಗಡೆ, ಮೂರನೆಯ ಕಂಬ ಎಂದು ಬರೆದೆ.

ಬೋರ್ಗ್ನಿಯ ಫೋನಿಲ್ಲ. ನಾನೂ ಮಾಡಲಿಲ್ಲ. ಬೀರುವಿನಲ್ಲಿದ್ದ ಸ್ವೆಟರನ್ನು ತೊಳೆದು ಮಡಿಸಿ ಅವಳ ಬಾಗಿಲಲ್ಲಿ ಇಟ್ಟು ಬಂದೆ.


ಜುಲೈ 28, ಭಾನುವಾರ

ಬೆಳಗ್ಗೆ ಬಾಗಿಲು ಬಡಿದ ಸದ್ದು. ಬೋರ್ಗ್ನಿ. ಒಳಗೆ ಬರಲಿಲ್ಲ, ಹೊಸ್ತಿಲಿಂದಾಚೆಯೇ ನಿಂತಳು. ಕಣ್ಣು ಊದಿತ್ತು.

"ನಾನು ಊರಿಗೆಲ್ಲ ಹೇಳ್ಬಿಟ್ಟಿದ್ದೀನಿ, ನಾಲ್ಕು ಗಂಟೆಗೆ ಚೆನ್ನಾಗೇ ಇದ್ದ ಅಂತ. ಅದು ಹಾಗೇ ಉಳೀಬಾರ್ದು. ಮನೆ ಮನೆಗೂ ಹೋಗಿ ಹೇಳ್ಬೇಕು. ನೀನು ಹೇಳು. ನಾನು ಪಕ್ಕದಲ್ಲಿರ್ತೀನಿ."

"ಎಲ್ಲರ ಮನೆಗೂ?"

"ಯಾರ್ಯಾರಿಗೆ ಹೇಳಿದ್ದೀನೋ ಅವರಿಗೆಲ್ಲ. ಕೋಟು ಹಾಕ್ಕೋ."

ನನಗಿಂತ ಎರಡು ಹೆಜ್ಜೆ ಮುಂದೆ, ಮೊಣಕಾಲು ಎಳೆದುಕೊಂಡು ನಡೆದಳು. ಮೊದಲ ಮನೆಯಲ್ಲಿ ಹೇಳಿದೆ. ಅವರು ಕಾಫಿ ಇಟ್ಟರು, ಯಾರೂ ಕುಡಿಯಲಿಲ್ಲ. ಎರಡನೆಯ ಮನೆಯಲ್ಲೂ ಹೇಳಿದೆ. ಅಲ್ಲಿನ ಗಂಡಸು ಎದ್ದು ಹೊರಗೆ ಹೋಗಿಬಿಟ್ಟ, ಅವನು ಐಲಿಫ್‌ನ ಮೀನುಬಲೆಯ ಜೊತೆಗಾರ.

ಮೂರನೆಯದು ಪಾದ್ರಿಯ ಮನೆ. ದುಪ್ಪಟಿ ಎನ್ನುವವರೆಗೆ ಬಂದು, ಅದನ್ನೇ ಮತ್ತೆ ಹೇಳಿದೆ, ಮುಂದೆ ಹೋಗಲಾಗಲಿಲ್ಲ. ಪಾದ್ರಿ ನೆಲ ನೋಡುತ್ತ ಕೂತಿದ್ದರು. ಆಗ ಬೋರ್ಗ್ನಿಯೇ ಬಾಯಿಬಿಟ್ಟಳು, ಒಣಗಿದ ದನಿಯಲ್ಲಿ, ಅಂಗಡಿಯಲ್ಲಿ ಸಾಮಾನು ಕೇಳುವ ಹಾಗೆ.

"ನಾಲ್ಕು ಗಂಟೆಗೆ ಅವನು ಕರೆದ. ನಮಗೆ ತಿಳೀಲಿಲ್ಲ."

ನಮಗೆ ಎಂದಳು. ಅವಳು ಅವತ್ತು ಹಡಗಿನಲ್ಲಿ ಇರಲೇ ಇಲ್ಲ.